ಎಂಟನೇ ಪಾಕೆಟ್

ಟ್ಯಾಪ್ ಮುರಿಯುವ ಸದ್ದು ದೊಡ್ಡದೇನಲ್ಲ. ಒಣ ಪುಳ್ಳೆ ಮುರಿದ ಹಾಗೆ ಒಂದು ‘ಟಕ್’, ಅಷ್ಟೆ. ಆದರೂ ಆ ಸದ್ದು ಕೇಳಿದರೆ ನಮ್ಮ ಶೆಡ್ಡಿನಲ್ಲಿ ಲೇತ್ ನಡೆಸುವವರು, ವೆಲ್ಡಿಂಗ್ ಮಾಡುವವರು, ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ತಲೆ ಎತ್ತುತ್ತಾರೆ. ಟ್ಯಾಪ್ ಎಂದರೆ ತೂತಿನ ಒಳಮೈಗೆ ಬೋಲ್ಟು ಕೂರುವ ಥ್ರೆಡ್ ಕೊರೆಯುವ ಹತಾರ. ಅದು ಎರಕದ ಕಬ್ಬಿಣದ ತೂತಿನೊಳಗೆ ಮುರಿದು ಕೂತರೆ ತೆಗೆಯುವುದು ಸುಲಭವಲ್ಲ. ತೆಗೆಯಲು ಹೋಗಿ ತೂತನ್ನೇ ಕೆಡಿಸಿಕೊಳ್ಳುವುದೇ ಹೆಚ್ಚು. ಹಾಗಾಗಿ ಒಂದು ಟ್ಯಾಪ್ ಮುರಿದರೆ ಅದರ ಜೊತೆಗೆ ನಾವು ಮಾಡುತ್ತಿದ್ದ ಒಂದು ಕಬ್ಬಿಣದ ಹೌಸಿಂಗೂ ಗುಜರಿಗೆ ಹೋಯಿತೆಂದೇ ಅರ್ಥ.

ಆ ವಾರ ನಮ್ಮಲ್ಲಿ ಮೂರು ಹೋದವು. ಮೂರನೆಯದರ ಜೊತೆ ಒಬ್ಬ ಮನುಷ್ಯನ ಕೆಲಸವೂ ಹೋಯಿತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ನಮ್ಮ ಶೆಡ್ಡು ಇರುವುದು ಶಿಕಾರಿಪುರದಲ್ಲಿ. ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಗೇರ್‌ಬಾಕ್ಸಿನ ಹೊರಕವಚ, ಅಂದರೆ ಹೌಸಿಂಗ್, ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಯಜಮಾನರು ಮಾರುಕಟ್ಟೆ ಯಾರ್ಡಿನಲ್ಲಿ ಜೋಳದ ವ್ಯಾಪಾರ ಮಾಡಿಕೊಂಡು ಬಂದ ಮನೆತನದವರು. ಇರುವುದು ಒಂದೇ ದೊಡ್ಡ ಮಿಷಿನ್, ಕಂಪ್ಯೂಟರ್ ಪ್ರೋಗ್ರಾಮಿನ ಮೇಲೆ ನಡೆಯುವ ವಿ.ಎಂ.ಸಿ. ಅದೂ ಹುಬ್ಬಳ್ಳಿ ಕಡೆಯ ಯಾವುದೋ ಕಾರ್ಖಾನೆಯಲ್ಲಿ ದುಡಿದು ದಣಿದು ಬಂದದ್ದು. ಅದರ ಪಕ್ಕದಲ್ಲಿ ಬಿಚ್ಚಿದ ಕೊಡೆಯಷ್ಟಗಲದ ಒಂದು ಚಕ್ರವಿದೆ. ಚಕ್ರದ ಸುತ್ತ ನಂಬರ್ ಹಾಕಿದ ಖಾನೆಗಳು, ನಾವು ಪಾಕೆಟ್ ಅನ್ನುತ್ತೇವೆ. ಒಂದೊಂದು ಪಾಕೆಟ್ಟಿನಲ್ಲಿ ಒಂದೊಂದು ಹತಾರ ನೇತಾಡುತ್ತಿರುತ್ತದೆ. ಪ್ರೋಗ್ರಾಮಿನಲ್ಲಿ ‘ಟಿ ಏಳು’ ಎಂದು ಬಂದರೆ ಮಿಷಿನ್ ಏಳನೇ ಪಾಕೆಟ್ಟಿನಿಂದ ಹತಾರ ಎತ್ತಿಕೊಳ್ಳುತ್ತದೆ. ಅಲ್ಲಿ ಏನಿದೆ, ಏನಿಲ್ಲ ಎಂದು ಅದು ನೋಡುವುದಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡು ಹೇಳಿದಷ್ಟು ಕೆಳಗಿಳಿಯುತ್ತದೆ.

ನಾನು ದಿನಾ ಸೊರಬದಿಂದ ಬಸ್ಸಿನಲ್ಲಿ ಬರುತ್ತೇನೆ. ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಕೂತು ಆ ಮಿಷಿನ್ನಿಗೆ ಪ್ರೋಗ್ರಾಂ ಮಾಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಹೌಸಿಂಗಿನ ಚಿತ್ರ ತೆರೆದು, ಎಲ್ಲಿ ಎಷ್ಟು ಕೆತ್ತಬೇಕು, ಯಾವ ಹತಾರದಿಂದ, ಎಷ್ಟು ವೇಗದಲ್ಲಿ ಎಂದು ಹೇಳಿದರೆ ಸಾಫ್ಟ್‌ವೇರು ಸಾಲು ಸಾಲಾಗಿ ಪ್ರೋಗ್ರಾಂ ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಆಪರೇಟರ್ ಕೈಗೆ ಕೊಡುತ್ತೇನೆ. ಆಪರೇಟರ್ ತೊಗರ್ಸಿ ಊರಿನವರು, ನಡುವಯಸ್ಸಿನವರು, ಮಾತು ಕಡಿಮೆ. ಮಗಳನ್ನು ಇಲ್ಲಿಯ ಕಾಲೇಜಿಗೆ ಬೈಕಿನಲ್ಲಿ ಬಿಟ್ಟು ಶೆಡ್ಡಿಗೆ ಬರುವವರು. ಮೈ ಕೆತ್ತುವ ಪ್ರೋಗ್ರಾಂ ಮಾತ್ರ ನಾನು ಕೊಡುತ್ತಿದ್ದೆ. ತೂತು ಕೊರೆಯುವುದು, ಥ್ರೆಡ್ ಹಾಕುವುದು ಅವರದೇ ಲೆಕ್ಕ. ಮಿಷಿನ್ನಿನ ಪ್ಯಾನಲ್ಲಿನಲ್ಲೇ ನಿಂತುಕೊಂಡು ಆ ಸಾಲುಗಳನ್ನು ಕೈಯಾರೆ ಬರೆದುಕೊಳ್ಳುತ್ತಿದ್ದರು. ಎಷ್ಟೋ ಹೌಸಿಂಗ್ ಹಾಗೆಯೇ ಹೋಗಿದ್ದವು, ಯಾರ ತಕರಾರೂ ಇರಲಿಲ್ಲ.

ಅಷ್ಟರಲ್ಲಿ ದಾವಣಗೆರೆ ಕಡೆಯ ಗಿರಾಕಿಯೊಬ್ಬರು ದೊಡ್ಡ ಆರ್ಡರ್ ಕೊಟ್ಟರು. ಹೊಸ ಮಾದರಿಯ ಹೌಸಿಂಗ್, ಮೂರು ಕಡೆ ತೂತುಗಳ ಗುಂಪು. ಯಜಮಾನರಿಗೆ ಯಾರೋ ತಲೆಗೆ ತುಂಬಿದರು, ಡ್ರಿಲ್ಲಿಂಗು ಟ್ಯಾಪಿಂಗೂ ಸಾಫ್ಟ್‌ವೇರಿನಲ್ಲೇ ಮಾಡಿದರೆ ಬೇಗ ಆಗುತ್ತದೆ ಅಂತ. ತಪ್ಪು ಮಾತೇನಲ್ಲ. ಅದಕ್ಕಾಗಿ ಶಿವಮೊಗ್ಗದಿಂದ ಒಬ್ಬ ತಜ್ಞರನ್ನು ಕರೆಸಿದರು. ಅವರು ಬಂದವರೇ ನನ್ನ ಕುರ್ಚಿಯಲ್ಲಿ ಕೂತರು, ನಾನು ಪಕ್ಕದಲ್ಲಿ ನಿಂತೆ. ಬೇರೆ ಯಾವುದೋ ಕಾರ್ಖಾನೆಗೆ ಮಾಡಿದ್ದ ಹತಾರಗಳ ಪಟ್ಟಿಯನ್ನು ಹಾಗೇ ತಂದು ನಮ್ಮ ಟೂಲ್ ಲೈಬ್ರರಿಗೆ, ಅಂದರೆ ಸಾಫ್ಟ್‌ವೇರು ಹತಾರಗಳ ನಂಬರು, ಅಳತೆ ನೋಡಿಕೊಳ್ಳುವ ಕಡತಕ್ಕೆ, ಸುರಿದರು. ಒಂದರಿಂದ ಒಂಬತ್ತರವರೆಗೆ ಸಾಲಾಗಿ ನಂಬರ್. ಆರನೆಯದು ತೂತಿನ ಜಾಗಕ್ಕೆ ಚುಕ್ಕಿ ಇಡುವ ಸೆಂಟರ್ ಡ್ರಿಲ್, ಏಳನೆಯದು ಎಂಟೂವರೆ ಮಿಲಿಮೀಟರಿನ ಡ್ರಿಲ್, ಎಂಟನೆಯದು ಟ್ಯಾಪ್, ಒಂಬತ್ತನೆಯದು ತೂತಿನ ಬಾಯಿ ಸವರುವ ಹತಾರ.

“ಸರ್, ಒಂದು ಸಲ ಮಿಷಿನ್ ಹತ್ರ ಹೋಗಿ ನೋಡಿ ಬರಾಣಾ?” ಎಂದು ನಾನು ಕೇಳಿದೆ.

“ಬೇಕಾಗಿಲ್ಲ ಮೇಡಂ, ಇದು ಸ್ಟ್ಯಾಂಡರ್ಡ್,” ಅಂದರು.

ಅವರು ಮಿಷಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಕಾಫಿ ಕುಡಿದರು, ಹೋದರು. ಆಪರೇಟರ್ ಹೆಸರೇನೆಂದು ಕೂಡ ಕೇಳಲಿಲ್ಲ.

ಮೊದಲ ಹೌಸಿಂಗು ಮಿಷಿನ್ನಿಗೆ ಕಟ್ಟಿದಾಗ ಎರಡು ಗುಂಪಿನ ತೂತು ಚೆನ್ನಾಗಿಯೇ ಬಂತು. ಮೂರನೇ ಗುಂಪಿನಲ್ಲಿ ಟ್ಯಾಪ್ ಮುರಿಯಿತು. ತಜ್ಞರು ಫೋನಿನಲ್ಲಿ “ಟ್ಯಾಪ್ ಕ್ವಾಲಿಟಿ ಸರಿ ಇಲ್ಲ” ಅಂದರು. ಬೇರೆ ಕಂಪನಿಯ ಟ್ಯಾಪ್ ತರಿಸಿದೆವು. ಅದೂ ಮುರಿಯಿತು, ಅದೇ ಮೂರನೇ ಗುಂಪಿನಲ್ಲಿ. ಮತ್ತೆ ಫೋನು. ಈ ಸಲ “ಎಣ್ಣೆ ಹಾಕಿ, ಸ್ಪೀಡ್ ಕಮ್ಮಿ ಮಾಡಿ” ಎಂದರು. ಮಾಡಿದೆವು. ಮೂರನೆಯದೂ ಅಲ್ಲೇ ಮುರಿದಾಗ ಫೋನಿನ ಆ ಕಡೆಯಿಂದ ಬಂದ ಮಾತನ್ನು ಯಜಮಾನರು ಸ್ಪೀಕರಿಗೆ ಹಾಕಿ ನಮಗೆಲ್ಲ ಕೇಳಿಸಿದರು.

“ನಮ್ಮ ಕಡೆಯಿಂದ ಎಲ್ಲ ಪರ್ಫೆಕ್ಟ್ ಇದೆ ಸರ್. ನಿಮ್ಮ ಆಪರೇಟರ್ ಪ್ರೋಗ್ರಾಮಿನಲ್ಲಿ ಏನಾದ್ರೂ ಕೈಯಾಡಿಸಿದ್ದಾರಾ, ಅದನ್ನ ಕೇಳಿ.”

ಎಷ್ಟು ಸಲೀಸಾಗಿ ಗೂಬೆ ಕೂರಿಸಿದರು ನೋಡಿ. ಯಜಮಾನರು ಫೋನ್ ಜೇಬಿಗೆ ಹಾಕಿಕೊಂಡು ಮಿಷಿನ್ ಹತ್ತಿರ ಹೋದರು. ಪ್ರತಿ ಸೋಮವಾರ ಮಿಷಿನ್ನಿನ ಹಣೆಗೆ ಮೂರು ಬೆರಳು ವಿಭೂತಿ ಎಳೆಯುವುದು ನಮ್ಮ ಶೆಡ್ಡಿನ ಪದ್ಧತಿ. ಆ ವಾರದ್ದು ಇನ್ನೂ ಅಳಿಸಿರಲಿಲ್ಲ.

“ಇಲ್ಲಿ ಕೈ ಇಡು,” ಎಂದರು ಆಪರೇಟರಿಗೆ. “ತೊಗರ್ಸಿ ಮಲ್ಲಿಕಾರ್ಜುನನ ಆಣಿ ಮಾಡಿ ಹೇಳು. ಕಂಪ್ಯೂಟರಿನಿಂದ ಬಂದಿದ್ರಾಗ ನಾನು ಒಂದಕ್ಷರನೂ ಬದ್ಲಿ ಮಾಡಿಲ್ಲ ಅಂತ ಹೇಳು. ಹೇಳಿಬಿಟ್ರ ಮುಗೀತು, ಆ ಶಿವಮೊಗ್ಗದಾವನ್ನ ನಾನು ನೋಡ್ಕಂತೀನಿ.”

ಆಪರೇಟರ್ ಕೈ ಎತ್ತಿದರು. ವಿಭೂತಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ನಾನು ಗಾಜಿನ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ, ಮನಸ್ಸಿನಲ್ಲೇ ‘ಹೇಳಿ ಮಾರಾಯ್ರೆ, ಹೇಳಿ’ ಅನ್ನುತ್ತಿದ್ದೆ. ಅವರು ಕೈ ಇಳಿಸಿ ಅಂಗಿಗೆ ಒರೆಸಿಕೊಂಡರು.

“ಆಗಂಗಿಲ್ಲ ಸಾವ್ಕಾರ್ರ,” ಎಂದರು.

“ಅಂದ್ರ ಬದ್ಲಿ ಮಾಡೀಯ.”

ಯಜಮಾನರು ಬಾಗಿಲು ತೋರಿಸಿದರು. ಆಪರೇಟರ್ ಬುತ್ತಿ ಚೀಲ ತೆಗೆದುಕೊಂಡು ಹೋದರು. ಶೆಡ್ಡಿನಲ್ಲಿದ್ದ ಅಷ್ಟೂ ಜನರಲ್ಲಿ ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಯಾಕೆಂದರೆ ಏನು ನಡೆಯುತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅವರಿಗೆಲ್ಲ ಗೊತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಈ ಊರಿನಲ್ಲಿ ಅಂಥ ಮಿಷಿನ್ ನಡೆಸುವ ಕೆಲಸ ಬೇರೆಲ್ಲೂ ಇಲ್ಲ. ಶಿವಮೊಗ್ಗಕ್ಕೆ ಹೋಗಬೇಕು. ಹೋದರೂ, ಮಿಷಿನ್ ಮುಟ್ಟಿ ಆಣೆ ಮಾಡಲಾಗದೆ ಹೊರಬಿದ್ದವನು ಎಂಬ ಮಾತು ಅವರಿಗಿಂತ ಮುಂಚೆ ಹೋಗಿ ಅಲ್ಲಿ ಕೂತಿರುತ್ತದೆ. ಮೂರೂ ಸಲ ಒಂದೇ ಗುಂಪಿನಲ್ಲಿ ಮುರಿದಿದೆ. ಕೈತಪ್ಪು ಹಾಗೆ ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತದೆಯೇ? ತಪ್ಪು ಲೈಬ್ರರಿಯಲ್ಲೇ ಇದೆ, ಹುಡುಕಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ತಜ್ಞರು ಸುರಿದುಹೋದ ಪಟ್ಟಿಯಲ್ಲಿ ನಂಬರುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದೆಲ್ಲ ಅಳಿಸಿದೆ. ಬೀರುವಿನಿಂದ ಹೊಸ ಡ್ರಿಲ್ಲು, ಹೊಸ ಟ್ಯಾಪು ತಂದು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟುಕೊಂಡೆ. ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದೆ. ಡ್ರಿಲ್ಲಿನ ದಪ್ಪ, ಸುರುಳಿಯ ಉದ್ದ, ಅದನ್ನು ಹಿಡಿಯುವ ಹೋಲ್ಡರಿನಿಂದ ಎಷ್ಟು ಹೊರಗೆ ಚಾಚಿರುತ್ತದೆ, ತುದಿಯ ಕೋನ ಎಷ್ಟು. ಅಲ್ಲಿಯೇ ಮೊದಲನೇ ಎಡವಟ್ಟು ಸಿಕ್ಕಿತು. ಡ್ರಿಲ್ಲಿನ ತುದಿ ಚಪ್ಪಟೆಯಾಗಿರುವುದಿಲ್ಲ, ಶಂಕುವಿನಂತೆ ಚೂಪಾಗಿರುತ್ತದೆ. ತೂತಿನ ಆಳವನ್ನು ಆ ಚೂಪಿನ ತುದಿಯವರೆಗೆ ಲೆಕ್ಕ ಹಾಕಬೇಕೋ, ಪೂರ್ತಿ ದಪ್ಪ ಇರುವಲ್ಲಿಯವರೆಗೆ ಹಾಕಬೇಕೋ ಎಂದು ಸಾಫ್ಟ್‌ವೇರಿಗೆ ಹೇಳಬೇಕು. ತಜ್ಞರು ಹೇಳಿರಲಿಲ್ಲ. ಹಾಗಾಗಿ ಇಪ್ಪತ್ತೆರಡು ಮಿಲಿಮೀಟರ್ ಕೊರೆಯಬೇಕಾದಲ್ಲಿ ಕೆಲಸಕ್ಕೆ ಬರುವ ಆಳ ಎರಡೂವರೆ ಮಿಲಿಮೀಟರ್ ಕಮ್ಮಿ ಸಿಗುತ್ತಿತ್ತು.

ಟ್ಯಾಪಿನದು ಇನ್ನೂ ಚೆಂದ. ಟ್ಯಾಪಿನ ಮೂತಿಯಲ್ಲಿ ಮೊದಲ ಕೆಲವು ಹಲ್ಲುಗಳು ಸವೆದಂತೆ ಸಣ್ಣಗಿರುತ್ತವೆ, ತೂತಿನೊಳಗೆ ದಾರಿ ಮಾಡಿಕೊಳ್ಳಲು. ಆ ಭಾಗ ಪೂರ್ತಿ ಥ್ರೆಡ್ ಕೊಡುವುದಿಲ್ಲ. ಅದರ ಉದ್ದವನ್ನು ಲೈಬ್ರರಿಯಲ್ಲಿ ತುಂಬಬೇಕು. ತಜ್ಞರು ಅಲ್ಲಿ ಸೊನ್ನೆ ಬಿಟ್ಟಿದ್ದರು. ಸೊನ್ನೆ ಮೂತಿಯ ಟ್ಯಾಪು ಯಾವ ಅಂಗಡಿಯಲ್ಲಿ ಸಿಗುತ್ತದೋ ನನಗಂತೂ ಗೊತ್ತಿಲ್ಲ. ನಾನು ಗಿಡ್ಡ ಮೂತಿಯ ಟ್ಯಾಪ್ ಆರಿಸಿ ಅದರ ಅಳತೆ ತುಂಬಿದೆ. ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್ ಇಳಿಯುವ ಥ್ರೆಡ್ಡು, ನಿಮಿಷಕ್ಕೆ ಮುನ್ನೂರು ಸುತ್ತು, ಹಾಗಾದರೆ ಇಳಿಯುವ ವೇಗ ನಿಮಿಷಕ್ಕೆ ನಾನೂರೈವತ್ತು ಮಿಲಿಮೀಟರ್. ಈ ಎರಡು ಒಂದಕ್ಕೊಂದು ತಾಳೆಯಾಗದಿದ್ದರೆ ಟ್ಯಾಪು ಥ್ರೆಡ್ಡನ್ನು ಕಿತ್ತುಹಾಕುತ್ತದೆ. ಅದನ್ನು ಮೂರು ಸಲ ನೋಡಿದೆ. ಮೂರನೇ ಗುಂಪಿನ ತೂತುಗಳ ಹಿಂದೆ ಗೋಡೆ ತೆಳು. ಡ್ರಿಲ್ಲನ್ನು ಇನ್ನೂ ಎರಡೂವರೆ ಮಿಲಿಮೀಟರ್ ಇಳಿಸಿದರೂ ಆಚೆ ಬರುವುದಿಲ್ಲ ಎಂದು ಡ್ರಾಯಿಂಗಿನಲ್ಲಿ ಖಾತ್ರಿ ಮಾಡಿಕೊಂಡೆ.

ಇಷ್ಟು ಸಿಕ್ಕಿದ್ದೇ ನನಗೆ ಎಲ್ಲಿಲ್ಲದ ಧೈರ್ಯ ಬಂತು. ನೆಟ್ಟಗೆ ಯಜಮಾನರ ಮುಂದೆ ಹೋಗಿ, ತಪ್ಪು ಪೂರ್ತಿ ಲೈಬ್ರರಿಯದ್ದು, ಆಪರೇಟರನ್ನು ಸುಮ್ಮನೆ ಕಳಿಸಿದಿರಿ ಎಂದೆ.

“ಮೊದ್ಲು ಒಂದು ಪೀಸ್ ಮಾಡಿ ತೋರ್ಸವ್ವ,” ಅಂದರು. “ಆಮ್ಯಾಲೆ ಮಾತಾಡೋಣ.”

ಲೇತ್ ನಡೆಸುವವರನ್ನೇ ವಿ.ಎಂ.ಸಿ. ಮುಂದೆ ನಿಲ್ಲಿಸಿದೆವು. ಅವರಿಗೆ ಈ ಮಿಷಿನ್ನಿನ ರೂಢಿ ಅಷ್ಟಿರಲಿಲ್ಲ. ಪೆನ್‌ಡ್ರೈವಿನಿಂದ ನನ್ನ ಪ್ರೋಗ್ರಾಂ ಹಾಕಿ ಬಟನ್ ಒತ್ತಿದರು, ಅಷ್ಟೆ. ಮುರಿದ ಟ್ಯಾಪ್ ಇದ್ದ ಹೋಲ್ಡರಿಗೆ ಅವರೇ ನನ್ನ ಹೊಸ ಟ್ಯಾಪ್ ಹಾಕಿ ಇದ್ದಲ್ಲೇ ಇಟ್ಟಿದ್ದರು, ಮಿಕ್ಕ ಹತಾರಗಳು ಆಪರೇಟರ್ ಕಟ್ಟಿ ಹೋದ ಹಾಗೆಯೇ ಚಕ್ರದಲ್ಲಿದ್ದವು. ನಾನು ಪಕ್ಕದಲ್ಲೇ ನಿಂತಿದ್ದೆ. ಸೆಂಟರ್ ಡ್ರಿಲ್ ಬಂತು, ಚುಕ್ಕಿ ಇಟ್ಟು ಹೋಯಿತು. ಡ್ರಿಲ್ ಬಂತು, ಕಬ್ಬಿಣದ ಕಪ್ಪು ಪುಡಿ ಹಾರಿಸಿಕೊಂಡು ಕೊರೆದು ಹೋಯಿತು. ಆಮೇಲೆ ಚಕ್ರ ತಿರುಗಿತು, ಹತಾರ ಬದಲಿಸುವ ಮಿಷಿನ್ನಿನ ಕೈ ಆಡಿದ ಸದ್ದಾಯಿತು, ಹತಾರ ಕಚ್ಚಿಕೊಂಡು ಸುತ್ತುವ ಸ್ಪಿಂಡಲ್ ಕೆಳಗೆ ಬಂತು. ಅದರ ಬಾಯಿಯಲ್ಲಿ ಏನೂ ಇರಲಿಲ್ಲ. ಖಾಲಿ ಸ್ಪಿಂಡಲ್ಲು ತೂತಿನ ಮೇಲೆ ನಿಂತು, ಸುತ್ತುತ್ತಾ ಇಳಿದು, ಉಲ್ಟಾ ಸುತ್ತುತ್ತಾ ಏರಿ, ಮುಂದಿನ ತೂತಿಗೆ ಹೋಯಿತು. ಶ್ರದ್ಧೆಯಿಂದ ಗಾಳಿಗೆ ಥ್ರೆಡ್ ಹಾಕುತ್ತಿತ್ತು.

ನಾನು ಕೆಂಪು ಬಟನ್ ಗುದ್ದಿದೆ. ಮಿಷಿನ್ ನಿಂತಿತು. ಬಗ್ಗಿ ಚಕ್ರ ನೋಡಿದರೆ ಏಳರಲ್ಲಿ ಡ್ರಿಲ್, ಎಂಟು ಖಾಲಿ, ಒಂಬತ್ತರಲ್ಲಿ ಟ್ಯಾಪು. ಇನ್ನೊಂದು ಘಳಿಗೆ ಬಿಟ್ಟಿದ್ದರೆ ಮಿಷಿನ್ ಒಂಬತ್ತನ್ನು ಎತ್ತಿಕೊಂಡು, ಅದು ಬಾಯಿ ಸವರುವ ಹತಾರವೆಂದುಕೊಂಡು, ಟ್ಯಾಪನ್ನು ಗರಗರ ಸುತ್ತಿಸಿ ತೂತಿಗೆ ತುರುಕುತ್ತಿತ್ತು. ಎದುರಿಗೆ ನಿಂತಿದ್ದವರ ಮುಖಕ್ಕೆ ಏನು ಹಾರುತ್ತಿತ್ತೋ ದೇವರೇ ಬಲ್ಲ.

“ಎಂಟು ಎಂತಕ್ಕೆ ಖಾಲಿ ಇದೆ?” ಎಂದು ಕೇಳಿದೆ.

ಲೇತಿನವರು ನನ್ನನ್ನು ಬೇರೆ ಲೋಕದಿಂದ ಬಂದವಳನ್ನು ನೋಡುವಂತೆ ನೋಡಿದರು. “ನಿಮಗ ಗೊತ್ತಿಲ್ಲೇನ್ರೀ? ಎಂಟರಾಗ ಏನೂ ಹಾಕಂಗಿಲ್ಲ. ಶನಿ ನಂಬರು. ಸಾವ್ಕಾರ್ರು ಮಿಷಿನ್ ತಂದಾಗಿಂದ ಹಂಗ ಐತಿ.”

ಯಜಮಾನರ ಮನೆಯ ಲಾರಿಯೊಂದು ಹಿಂದೆ ಯಾವಾಗಲೋ ಜೋಳದ ಲೋಡಿನ ಸಮೇತ ಸೊರಬದ ರಸ್ತೆಯಲ್ಲಿ ಮಗುಚಿತ್ತಂತೆ. ಅದರ ನಂಬರ್ ಕೂಡಿದರೆ ಎಂಟು ಬರುತ್ತಿತ್ತಂತೆ. ಅಂದಿನಿಂದ ಆ ಮನೆಯಲ್ಲಿ, ಅಂಗಡಿಯಲ್ಲಿ, ಶೆಡ್ಡಿನಲ್ಲಿ ಎಂಟಿಗೆ ಜಾಗವಿಲ್ಲ. ಇದು ಎಲ್ಲರಿಗೂ ಗೊತ್ತು. ಗಾಜಿನ ಕೋಣೆಯಲ್ಲಿ ಕೂರುವ ನನಗೊಬ್ಬಳಿಗೆ ಮಾತ್ರ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆಪರೇಟರ್ ಕೈಯಲ್ಲಿ ಬರೆದುಕೊಳ್ಳುತ್ತಿದ್ದಾಗ ಏಳಾದ ಮೇಲೆ ಒಂಬತ್ತು ಬರೆದುಕೊಳ್ಳುತ್ತಿದ್ದರು, ಕಥೆ ಮುಗಿಯುತ್ತಿತ್ತು. ಸಾಫ್ಟ್‌ವೇರು ಎಂಟು ಎಂದು ಬರೆದುಕೊಡಲು ಶುರು ಮಾಡಿದಾಗ ಅವರೇನು ಮಾಡಿದರು ಎಂಬುದು ನನಗೆ ನಿಂತಲ್ಲೇ ಹೊಳೆಯಿತು.

ಅವರು ನಡೆಸಿದ್ದ ಪ್ರೋಗ್ರಾಂ ಮಿಷಿನ್ನಿನ ಮೆಮೊರಿಯಲ್ಲಿ ಇನ್ನೂ ಇತ್ತು. ಪ್ಯಾನಲ್ಲಿನಲ್ಲಿ ತೆರೆದು ಸಾಲು ಸಾಲು ಓದಿದೆ. ಟ್ಯಾಪನ್ನು ಕರೆಯುವ ಕಡೆಯೆಲ್ಲ ‘ಟಿ ಎಂಟು’ ಇದ್ದದ್ದನ್ನು ‘ಟಿ ಒಂಬತ್ತು’ ಮಾಡಿದ್ದರು. ಒಂಬತ್ತನ್ನು ಹತ್ತು ಮಾಡಿದ್ದರು. ಆದರೆ ಹತಾರದ ನಂಬರ್ ಒಂದನ್ನೇ ಬದಲಿಸಿದರೆ ಸಾಲದು. ಒಂದು ಹತಾರ ಉದ್ದ, ಒಂದು ಗಿಡ್ಡ. ಆ ಉದ್ದಗಳನ್ನು ಅಳೆದು ಮಿಷಿನ್ನಿನೊಳಗೆ ನಂಬರ್ ಪ್ರಕಾರ ತುಂಬಿರುತ್ತೇವೆ. ಪ್ರೋಗ್ರಾಂ ‘ಎಚ್ ಒಂಬತ್ತು’ ಎಂದಾಗ ಮಿಷಿನ್ ಒಂಬತ್ತನೆಯ ಉದ್ದ ತೆಗೆದುಕೊಂಡು ಎಷ್ಟು ಇಳಿಯಬೇಕೆಂದು ಲೆಕ್ಕ ಹಾಕುತ್ತದೆ. ಹತಾರದ ಜೊತೆ ಅದನ್ನೂ ಬದಲಿಸಬೇಕು. ತಜ್ಞರ ಏರ್ಪಾಟಿನಲ್ಲಿ ಮೂರು ಗುಂಪಿಗೂ ಬೇರೆ ಬೇರೆಯಾಗಿ ಮೂರು ಸಲ ಟ್ಯಾಪ್ ಬರುತ್ತಿತ್ತು. ಮೊದಲೆರಡು ಕಡೆ ಎಚ್ ಸಾಲು ಟಿ ಸಾಲಿನ ಕೆಳಗೇ ಇತ್ತು, ಆಪರೇಟರ್ ಬದಲಿಸಿದ್ದರು. ಮೂರನೇ ಕಡೆ ಅದು ಇನ್ನೂ ಕೆಳಗಿತ್ತು, ಆ ಪುಟ್ಟ ಪರದೆಯಲ್ಲಿ ಮುಂದಿನ ಪುಟಕ್ಕೆ ಹೋಗಿತ್ತು. ಅಲ್ಲಿ ‘ಎಚ್ ಎಂಟು’ ಹಾಗೇ ಉಳಿದಿತ್ತು.

ಉದ್ದಗಳ ಪುಟ ತೆರೆದೆ. ಎಂಟರ ಎದುರಿಗೆ ಖಾಲಿ ಇರಬೇಕಿತ್ತು, ಇರಲಿಲ್ಲ. ಹುಬ್ಬಳ್ಳಿಯ ಹಳೇ ಮಾಲೀಕರ ಕಾಲದ ಯಾವುದೋ ಹತಾರದ ಉದ್ದ ಅಲ್ಲಿ ಕೂತಿತ್ತು. ಉಳಿದ ನಂಬರುಗಳನ್ನೆಲ್ಲ ನಮ್ಮವರು ಅಳೆದು ಹೊಸದಾಗಿ ತುಂಬಿದ್ದರು. ಎಂಟನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನಮ್ಮ ಟ್ಯಾಪಿಗಿಂತ ಅದು ನಾಲ್ಕು ಮಿಲಿಮೀಟರ್ ಗಿಡ್ಡ. ಅಂದರೆ ಮೂರನೇ ಗುಂಪಿಗೆ ಬಂದಾಗ ಮಿಷಿನ್ ತನ್ನ ಕೈಯಲ್ಲಿರುವುದು ಗಿಡ್ಡ ಹತಾರ ಎಂದುಕೊಂಡು ನಾಲ್ಕು ಮಿಲಿಮೀಟರ್ ಹೆಚ್ಚು ಇಳಿಯುತ್ತಿತ್ತು. ಕೆಳಗೆ ತಜ್ಞರ ಕೃಪೆಯಿಂದ ತೂತು ಮೊದಲೇ ಗಿಡ್ಡ. ಟ್ಯಾಪು ತಳಕ್ಕೆ ಗುದ್ದಿ ಮುರಿಯದೆ ಏನು ಮಾಡೀತು?

ಮೊದಲು ತಜ್ಞರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, “ಅದನ್ನ ನೀವು ಮೊದಲೇ ಹೇಳ್ಬೇಕಿತ್ತಲ್ವಾ ಮೇಡಂ? ಅದು ಕಸ್ಟಮರ್ ಕಡೆಯ ಸಮಸ್ಯೆ,” ಎಂದರು. ಮಿಷಿನ್ ನೋಡಿ ಬರೋಣ ಅಂದವಳು ನಾನೇ ಅಲ್ಲವೇ? ಇನ್ನೂ ಏನೋ ಹೇಳುತ್ತಿದ್ದರು, ಫೋನ್ ಇಟ್ಟುಬಿಟ್ಟೆ.

ಆಮೇಲೆ ಆಪರೇಟರಿಗೆ ಮಾಡಿದೆ. ಗದ್ದೆಯಲ್ಲಿದ್ದರು, ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು.

“ಅಲ್ಲ ಮಾರಾಯ್ರೆ, ಆವತ್ತೇ ಯಜಮಾನರಿಗೆ ಬಾಯಿ ಬಿಟ್ಟು ಹೇಳಕ್ಕಾಗ್ತಿರಲಿಲ್ವಾ? ಎಂಟು ಹಾಕ್ಬೇಡ ಅಂತ ನೀವೇ ಹೇಳಿದ್ದಕ್ಕೆ ಬದಲು ಮಾಡ್ದೆ ಅಂತ?”

“ಅವ್ರು ಹಂಗ ಕೇಳ್ಲಿಲ್ಲಲ್ರೀ ಮೇಡಂ. ಬದ್ಲಿ ಮಾಡೀಯಾ ಇಲ್ಲಾ ಅಂತ ಕೇಳಿದ್ರು. ಮಾಡಿದ್ದೆ. ಸುಳ್ಳಾಣಿ ಹೆಂಗ ಹಾಕ್ಲಿ?”

“ಎಂತಕ್ಕೆ ಮಾಡ್ದೆ ಅಂತಾದ್ರೂ ಹೇಳ್ಬೇಕಿತ್ತು.”

“ಎಲ್ಲಾರ ಮುಂದ ಸಾವ್ಕಾರ್ರ ಮಾರಿಗೆ ಹೆಂಗ ಹೇಳ್ಲಿ, ನಿಮ್ಮಿಂದನ ಆಗೈತಿ ಅಂತ. ಅವ್ರು ಲಾರಿ ಕಳ್ಕಂಡೋರು. ನಾನೂ ಆ ಎಂಟು ಮುಟ್ಟಾಕ ಹೆದ್ರಾವನ. ಬ್ಯಾಡ ಬಿಡ್ರಿ. ಶಿವಮೊಗ್ಗದಾಗ ಯಾರನ್ನೋ ಕೇಳೀನಿ.” ಮತ್ತೆ ಅವರೇ ಹೇಳಿದರು, “ಮಗಳಿಗೆ ಮಾತ್ರ ಕಾಲೇಜಿನಾಗ ಯಾರೋ ಕೇಳಿದ್ರಂತ, ನಿಮ್ಮಪ್ಪಗ ಆಣಿ ಮಾಡಾಕ ಆಗ್ಲಿಲ್ಲಂತಲ್ಲ ಅಂತ.”

ಆ ಮಾತು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ನಂಬಿಕೆ ಅವರವರದು, ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮಮ್ಮ ಮಂಗಳವಾರ ಉಗುರು ತೆಗೆಯಲು ಬಿಡುವುದಿಲ್ಲ, ನಾನೂ ತೆಗೆಯುವುದಿಲ್ಲ. ಎಂಟು ಬೇಡವೆಂದರೆ ಎಂಟು ಬಿಟ್ಟು ಮಾಡಲು ಲೈಬ್ರರಿಯಲ್ಲಿ ಐದು ನಿಮಿಷ ಸಾಕು. ಟ್ಯಾಪಿನ ನಂಬರನ್ನೂ ಅದರ ಉದ್ದದ ನಂಬರನ್ನೂ ಒಂಬತ್ತು, ಬಾಯಿ ಸವರುವುದರದ್ದನ್ನು ಹತ್ತು ಮಾಡಿದರೆ ಪ್ರೋಗ್ರಾಂ ತಾನೇ ಸರಿಯಾಗಿ ಬರುತ್ತದೆ, ಯಾರೂ ಕೈ ಆಡಿಸಬೇಕಿಲ್ಲ. ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ತನ್ನ ನಂಬಿಕೆಯ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿ, ಅವರು ತುಟಿ ಬಿಚ್ಚದೆ ಅದನ್ನು ಹೊತ್ತದ್ದಕ್ಕೆ ಅವರನ್ನೇ ಕಳ್ಳರಂತೆ ಹೊರಗೆ ಕಳಿಸುವುದು ಯಾವ ಸೀಮೆಯ ನ್ಯಾಯ?

ಐದು ನಿಮಿಷದ ಆ ಕೆಲಸ ಮುಗಿಸಿ ಯಜಮಾನರ ಮೇಜಿನ ಮುಂದೆ ಹೋದೆ. ಸಿಟ್ಟು ಬಂದರೆ ನನ್ನ ಮಾತು ನಿಧಾನವಾಗುತ್ತದೆ. ಒಂದೊಂದೇ ಹೇಳಿದೆ. ಕಾರಣ ಸಿಕ್ಕಿದೆ, ಸರಿ ಮಾಡಿದ್ದೇನೆ, ಇನ್ನು ಮುರಿಯುವುದಿಲ್ಲ ಎಂದೆ. ಅವರ ಮುಖ ಅರಳಿತು. ಕಾರಣ ಏನೆಂದು ಹೇಳುತ್ತಿದ್ದಂತೆ ಮುಚ್ಚಿಕೊಂಡಿತು.

“ಎಂಟಕ್ಕೂ ಇದಕ್ಕೂ ಏನ್ ಸಂಬಂಧ? ಬದ್ಲಿ ಮಾಡೋದು ಮಾಡ್ದ, ಪೂರ್ತಿ ಮಾಡ್ಬೇಕಿತ್ತು. ನಾನೇನು ಪ್ರೋಗ್ರಾಂ ತಿದ್ದು ಅಂದಿದ್ನೇನು?”

“ಎಂಟರಲ್ಲಿ ಹಾಕ್ಬೇಡ ಅಂದ್ರಿ. ಅದಕ್ಕೇ ತಿದ್ದಿದ್ರು.”

“ಮುಗಿದು ಹೋತಲ್ಲ. ಪ್ರೋಗ್ರಾಂ ಕೊಡು, ಲೇತಿನಾವ ನಡೆಸ್ತಾನ. ಗಿರಾಕಿ ಫೋನ್ ಮ್ಯಾಲೆ ಫೋನ್ ಮಾಡಾಕತ್ಯಾನ.”

“ಕೊಡಲ್ಲ ಸರ್. ಅದನ್ನ ನಡೆಸೋರು ಬಂದ್ಮೇಲೆ ಕೊಡ್ತೀನಿ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಲೇತು ನಿಂತಿತ್ತು. ಶೆಡ್ಡಿನವರೆಲ್ಲ ಇತ್ತಲೇ ನೋಡುತ್ತಿದ್ದರು.

“ಅವರನ್ನ ಕರೆಸೋದು ಬೇಡ ಅಂದ್ರೆ ಇನ್ನೊಂದು ಮಾಡಿ ಸರ್,” ಎಂದೆ. “ನೀವೂ ಬನ್ನಿ, ಮಿಷಿನ್ ಮೇಲೆ ಕೈ ಇಡಿ. ತೊಗರ್ಸಿ ಮಲ್ಲಿಕಾರ್ಜುನನ ಆಣೆ ಮಾಡಿ, ಎಂಟನೇ ಪಾಕೆಟ್ಟಿಗೆ ಹತಾರ ಹಾಕ್ಬೇಡ ಅಂತ ನಾನು ಹೇಳೇ ಇಲ್ಲ ಅಂತ ಹೇಳಿ. ಈಗಲೇ ಪೆನ್‌ಡ್ರೈವ್ ಕೊಡ್ತೀನಿ.”

ಇದನ್ನು ನಾನೇ ಹೇಳಿದೆನೇ ಎಂದು ನನಗೇ ಭಯವಾಯಿತು. ಯಜಮಾನರು ಎದ್ದರು. ಮಿಷಿನ್ ಹತ್ತಿರ ಹೋಗಿ, ವಿಭೂತಿಯ ಗೆರೆಗಳ ಎದುರು ಕೈ ಹಿಂದೆ ಕಟ್ಟಿಕೊಂಡು ನಿಂತರು. ಎಷ್ಟು ಹೊತ್ತಾದರೂ ಕೈ ಮುಂದೆ ಬರಲಿಲ್ಲ. ಕೊನೆಗೆ ತಿರುಗಿ, “ಬಾ ಅನ್ನು ಅವ್ನಿಗೆ,” ಎಂದರು.

“ಕಳಿಸಿದ್ದು ನೀವು ಸರ್. ನೀವೇ ಹೇಳ್ಬೇಕು.”

ಫೋನ್ ತೆಗೆದರು. “ನಾಳಿ ಬಾರೋ, ಲೋಡ್ ಹೋಗ್ಬೇಕು,” ಅಷ್ಟೇ ಹೇಳಿ ಇಟ್ಟರು. ತಪ್ಪಾಯಿತು ಎಂಬ ಅರ್ಧ ಮಾತೂ ಇಲ್ಲ.

ಮರುದಿನ ಬೆಳಿಗ್ಗೆ ಆಪರೇಟರ್ ಬುತ್ತಿ ಚೀಲವನ್ನು ಎಂದಿನ ಮೊಳೆಗೆ ನೇತುಹಾಕಿದರು. ಪ್ರೋಗ್ರಾಂ ಕೊಟ್ಟೆ. ಒಂದು ಅಕ್ಷರವೂ ತಿದ್ದದೆ ನಡೆಸಿದರು. ಮೂರು ಗುಂಪೂ ಮುಗಿಯಿತು. ಬೋಲ್ಟು ಬೆರಳಲ್ಲೇ ತಿರುಗಿಸಿ ನೋಡಿದರೆ ಕೊನೆಯವರೆಗೆ ಸಲೀಸಾಗಿ ಹೋಯಿತು. ಯಜಮಾನರೂ ತಿರುಗಿಸಿ ನೋಡಿದರು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ತಿನ್ನುತ್ತ ಆಪರೇಟರ್ ಕಡೆ ನೋಡಿ ಹೇಳಿದರು.

“ಎಂಟು ಖಾಲಿ ಇದ್ದಿದ್ಕ ಬರೀ ಟ್ಯಾಪಿಗೆ ಹೋತು ನೋಡು. ಹತಾರ ಹಾಕಿದ್ರ ಸ್ಪಿಂಡಲ್ ಹೋಗ್ತಿತ್ತು.”

“ಹೂಂ ಸಾವ್ಕಾರ್ರ,” ಅಂದರು ಆಪರೇಟರ್.

ನಾನು ಕಚ್ಚಿದ್ದ ಬಜ್ಜಿಯನ್ನು ಹಾಗೇ ಕಾಗದದ ಮೇಲಿಟ್ಟೆ. ಯಾರಿಗಾಗಿ ಯಜಮಾನರಿಗೆ ಎದುರು ನಿಂತೆನೋ ಅವರೇ ‘ಹೂಂ’ ಅನ್ನುತ್ತಿದ್ದಾರೆ. ಎದ್ದು ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಯಜಮಾನರು ಯಾರ್ಡಿನ ಕಡೆ ಹೋದ ಮೇಲೆ ಚಕ್ರ ತಿರುಗುವ ಸದ್ದು ಕೇಳಿತು. ನೋಡಿದರೆ ಆಪರೇಟರ್ ಒಂಬತ್ತರಿಂದ ಟ್ಯಾಪಿನ ಹೋಲ್ಡರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾರೆ. ಚಕ್ರವನ್ನು ಒಂದು ಖಾನೆ ಹಿಂದಕ್ಕೆ ತಿರುಗಿಸಿದರು. ಎಂಟರ ಬಾಯಿಯ ಧೂಳನ್ನು ಬಟ್ಟೆಯಿಂದ ಒರೆಸಿದರು. ನಾನು ಓಡಿ ಹೋದೆ.

“ಎಂತ ಮಾಡ್ತಿದೀರಿ? ಅವರಿಗೆ ಗೊತ್ತಾದ್ರೆ ಮತ್ತೆ ಕಳಿಸ್ತಾರೆ.”

“ಕಳಿಸ್ಲಿ ಬಿಡ್ರಿ. ಈ ಸಲ ಕೈ ಇಟ್ಟು ಹೇಳ್ತೀನಿ, ಹೌದು ನಾನ ಹಾಕೀನಿ ಅಂತ.” ಹೋಲ್ಡರನ್ನು ಒತ್ತಿದರು, ಎಂಟರಲ್ಲಿ ಅದು ಕಟಕ್ಕನೆ ಕೂತಿತು. “ಇದು ಖಾಲಿ ಇದ್ದಾಗ್ಲೇ ನನಗ ಆಗೋದೆಲ್ಲ ಆತಲ್ರೀ ಮೇಡಂ. ಇನ್ನ ತುಂಬಿದ್ರ ಏನಾಗ್ತತಿ?”

ಅವರು ಟ್ಯಾಪಿನ ಉದ್ದ ಹೊಸದಾಗಿ ಅಳೆಯತೊಡಗಿದರು. ಹುಬ್ಬಳ್ಳಿಯ ಹಳೇ ಅಂಕಿಯನ್ನು ಅಳಿಸಿ ನಮ್ಮದನ್ನು ತುಂಬಿದರು. ನಾನು ಒಳಗೆ ಹೋಗಿ ಲೈಬ್ರರಿ ತೆರೆದು, ಟ್ಯಾಪಿನ ಎದುರಿಗಿದ್ದ ಒಂಬತ್ತು ಅಳಿಸಿ, ಎಂಟು ಎಂದು ಟೈಪ್ ಮಾಡಿದೆ.